‘ಕುಠೇ ವಾಚ್ಲಂಸ್?’: ಮಗಳ ಶಾಲೆಯ ಲೈಬ್ರರಿಗೆ ನನ್ನ ರಿವ್ಯೂ

ಐದಕ್ಕೆ ಮೂರೂವರೆ ಕೊಡುತ್ತೇನೆ. ಅದರಲ್ಲಿ ಮೂರು ಲೈಬ್ರರಿ ಟೀಚರ್‌ಗೆ, ಅರ್ಧ ಪುಸ್ತಕಗಳಿಗೆ. ಕಳೆದ ಒಂದೂವರೆ ಬೀಗ ಹಾಕಿದ ಬೀರುಗಳ ಲೆಕ್ಕಕ್ಕೆ.

ನಾವಿರುವುದು ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ. ಶಾಲೆಯ ಹೆಸರು ಬರೆಯುವುದಿಲ್ಲ, ಬರೆದರೆ ಮುಂದಿನ ಪೇರೆಂಟ್ಸ್ ಮೀಟಿಂಗಿನಲ್ಲಿ ನನಗೆ ಕುರ್ಚಿ ಸಿಗುವುದಿಲ್ಲ. ಮಗಳು ಎಂಟನೇ ಕ್ಲಾಸು. ಇತಿಹಾಸದ ಪ್ರಾಜೆಕ್ಟಿಗೆ ಯಾರಾದರೂ ಒಬ್ಬ ವ್ಯಕ್ತಿಯನ್ನು ಆರಿಸಿಕೊಂಡು ಎಂಟು ಪುಟ ಬರೆಯಿರಿ ಅಂದರು. ಅರ್ಧ ಕ್ಲಾಸು ಶಿವಾಜಿ ಮಹಾರಾಜರು, ಆರು ಜನ ಸಾವಿತ್ರಿಬಾಯಿ ಫುಲೆ. ಇವಳು ಯಾರನ್ನು ತಗೊಳ್ಳಲಿ ಅಂತ ಊಟದ ಹೊತ್ತಿಗೆ ಕೇಳಿದಾಗ ನಮ್ಮತ್ತೆ ತಟ್ಟೆಯಿಂದ ಕಣ್ಣೆತ್ತದೆ “ವಿಶ್ವೇಶ್ವರಯ್ಯ” ಅಂದರು. ಅಲ್ಲಿಗೆ ತೀರ್ಮಾನವಾಯಿತು.

“ಅವರು ಯಾರು ಗೊತ್ತಾ?” ಅಂತ ಮಗಳನ್ನು ಕೇಳಿದೆ. “ಗೊತ್ತು, ಮಾಟುಂಗಾದ ಹಾಲ್” ಅಂದಳು.

ತಪ್ಪಿಲ್ಲ ಬಿಡಿ. ಕರ್ನಾಟಕ ಸಂಘದ ಡಾ. ಎಂ. ವಿಶ್ವೇಶ್ವರಯ್ಯ ಸ್ಮಾರಕ ಮಂದಿರಕ್ಕೆ ಅವಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದ ಕಾಲದಿಂದ ನಾಟಕ, ಸಂಗೀತ, ಸನ್ಮಾನ ಅಂತ ಓಡಾಡಿದ್ದೇವೆ. ಹಾಲ್‌ನ ಹೆಸರು ಯಾರದು ಅಂತ ಅವಳು ಕೇಳಲಿಲ್ಲ, ನಾವೂ ಹೇಳಲಿಲ್ಲ.

ಹಿಂದಿನ ವರ್ಷಗಳಲ್ಲಿ ಪ್ರಾಜೆಕ್ಟ್ ಅಂದರೆ ನಮ್ಮ ಮನೆಯಲ್ಲಿ ಏನು ನಡೆಯುತ್ತಿತ್ತು ಅಂತ ಹೇಳಲು ನಾಚಿಕೆ ಇಲ್ಲ, ಏಕೆಂದರೆ ನಿಮ್ಮ ಮನೆಯಲ್ಲೂ ಅದೇ. ಸ್ಟೇಷನ್ ಪಕ್ಕದ ಸ್ಟೇಷನರಿ ಅಂಗಡಿಯಲ್ಲಿ ಮಹಾಪುರುಷರ ಚಿತ್ರದ ಚಾರ್ಟ್ ಸಿಗುತ್ತದೆ. ಮುಂದೆ ಫೋಟೊ, ಹಿಂದೆ ನಾಲ್ಕು ಸಾಲು. ಕತ್ತರಿಸು, ಅಂಟಿಸು, ಸ್ಕೆಚ್ ಪೆನ್ನಿನಲ್ಲಿ ಬಾರ್ಡರ್ ಹಾಕು, ಆಯಿತು. ಉಳಿದದ್ದಕ್ಕೆ ಮೊಬೈಲ್. ಭಾನುವಾರ ರಾತ್ರಿ ಹತ್ತಕ್ಕೆ ಶುರುಮಾಡಿದರೆ ಹನ್ನೊಂದಕ್ಕೆ ಮುಗಿಯುವ ಕೆಲಸ.

ಈ ಸಲ ಹಾಗೆ ನಡೆಯಲಿಲ್ಲ. ಇಪ್ಪತ್ತು ಮಾರ್ಕಿನಲ್ಲಿ ಐದು ಮಾರ್ಕು ಲೈಬ್ರರಿ ಟೀಚರ್ ಕೈಯಲ್ಲಿ ಅಂತ ಶಾಲೆಯವರು ಹೊಸ ನಿಯಮ ಮಾಡಿದ್ದಾರೆ. ಆ ಟೀಚರ್ ಸಾತಾರಾ ಕಡೆಯವರು, ಮೆಲುಮಾತಿನವರು, ಮಕ್ಕಳನ್ನೆಲ್ಲ ‘ಬಾಳಾ’ ಅನ್ನುತ್ತಾರೆ. ಅವರದ್ದು ಒಂದೇ ಪ್ರಶ್ನೆ. ನೀವು ಏನೇ ಬರೆದುಕೊಂಡು ಹೋಗಿ, ಅದರ ಮೇಲೆ ಬೆರಳಿಟ್ಟು “ಕುಠೇ ವಾಚ್ಲಂಸ್?” ಅನ್ನುತ್ತಾರೆ. ಎಲ್ಲಿ ಓದಿದೆ? ಮೊಬೈಲ್ ಅಂದರೆ ಬೈಯುವುದಿಲ್ಲ. ಮೊಬೈಲಿನಲ್ಲಿ ಎಲ್ಲಿ, ಬರೆದವರು ಯಾರು, ಅವರು ಎಲ್ಲಿ ಓದಿದರು ಅಂತ ಇನ್ನೂ ಮೂರು ಪ್ರಶ್ನೆ ಕೇಳುತ್ತಾರೆ. ಅದಕ್ಕಿಂತ ಬೈಸಿಕೊಳ್ಳುವುದೇ ಸುಲಭ ಅಂತ ಮಗಳ ಅಭಿಪ್ರಾಯ.

ಲೈಬ್ರರಿಯನ್ನು ನಾನೂ ಎರಡು ಸಲ ಹೋಗಿ ನೋಡಿದೆ. ಮೂರನೇ ಮಹಡಿ, ಎರಡು ಕ್ಲಾಸ್‌ರೂಮು ಸೇರಿಸಿದಷ್ಟು ಜಾಗ, ಎರಡು ಕಂಪ್ಯೂಟರ್, ಅದರಲ್ಲಿ ಒಂದಕ್ಕೆ ಕೀಬೋರ್ಡ್ ಇಲ್ಲ. ಪುಸ್ತಕಗಳ ಪಟ್ಟಿಯೆಲ್ಲ ಈಗ ಕಂಪ್ಯೂಟರಿನಲ್ಲಿದೆ. ಮರದ ಡ್ರಾಯರ್‌ಗಳಲ್ಲಿದ್ದ ಹಳೇ ಕ್ಯಾಟಲಾಗ್ ಕಾರ್ಡುಗಳನ್ನು ಟೀಚರ್ ರದ್ದಿಗೆ ಹಾಕಿಲ್ಲ. ಪ್ರಾಜೆಕ್ಟಿಗೆ ಅಂತ ಒಂದೊಂದು ಮಗುವಿಗೆ ಹನ್ನೆರಡು ಕಾರ್ಡು ಕೊಡುತ್ತಾರೆ. ಕಾರ್ಡಿನ ಖಾಲಿ ಬದಿಯಲ್ಲಿ ಪುಸ್ತಕದ ಹೆಸರು, ಬರೆದವರು, ಅಚ್ಚಾದ ವರ್ಷ, ಪುಟ, ಕೆಳಗೆ ಸಿಕ್ಕಿದ ಒಂದು ವಿಷಯ. ಒಂದು ಕಾರ್ಡಿಗೆ ಒಂದೇ ವಿಷಯ. ಆಮೇಲೆ ಅವನ್ನೆಲ್ಲ ಇಸ್ಪೀಟಿನ ಹಾಗೆ ಟೇಬಲ್ ಮೇಲೆ ಹರಡಿ, ಯಾವುದು ಮೊದಲು ಯಾವುದು ಆಮೇಲೆ ಅಂತ ಜೋಡಿಸಬೇಕು. ನಮ್ಮ ಮನೆಯ ಡೈನಿಂಗ್ ಟೇಬಲ್ ಹತ್ತು ದಿನ ಊಟಕ್ಕೆ ಸಿಗಲಿಲ್ಲ.

ಪುಸ್ತಕ ಹುಡುಕುವುದನ್ನು ಅವರು ಕಲಿಸಿದ ರೀತಿಗೇ ನನ್ನ ಪೂರ್ತಿ ಮಾರ್ಕು. ಲೈಬ್ರರಿಯಲ್ಲಿ ಒಂದೊಂದು ವಿಷಯಕ್ಕೆ ಒಂದೊಂದು ನಂಬರು. ಮಗಳು ಮೊದಲು 920ರ ಕಪಾಟಿಗೆ ಹೋದಳು, ಜೀವನಚರಿತ್ರೆಗಳು ಇರುವುದು ಅಲ್ಲಿ. ಸಿಕ್ಕಿದ್ದು ಒಂದೇ ಒಂದು ತೆಳು ಪುಸ್ತಕ, ಮಕ್ಕಳಿಗೆ ಬರೆದದ್ದು. ಅದೊಂದನ್ನೇ ಹಿಡಿದು ವಾಪಸ್ ಬಂದವಳಿಗೆ ಟೀಚರ್ ಕೇಳಿದರಂತೆ: “ಆ ಮನುಷ್ಯರು ಮಾಡಿದ ಕೆಲಸ ಏನು?” ನೀರಿನ ಕೆಲಸ, ಅಣೆಕಟ್ಟು. “ಹಾಗಾದರೆ 627 ನೋಡು.” ಅಲ್ಲಿ ಅಣೆಕಟ್ಟು, ಕಾಲುವೆಗಳ ಪುಸ್ತಕ. “ಕೆಲಸ ಮಾಡಿದ್ದು ಎಲ್ಲಿ?” ನಾಸಿಕ್, ಖಾನ್‌ದೇಶ್, ಪುಣೆ. “ಹಾಗಾದರೆ 954ರಲ್ಲಿ ಈ ಕಡೆಯ ಇತಿಹಾಸ ನೋಡು, ಪುಣೆ ಅಂತ ಹುಡುಕಬೇಡ, ಹಳೇ ಪುಸ್ತಕದಲ್ಲಿ ಪೂನಾ ಅಂತ ಇರುತ್ತದೆ.” ಒಬ್ಬ ವ್ಯಕ್ತಿಗೆ ಮೂರು ಕಪಾಟು. ನಾನು ಎಂ.ಎ. ಮಾಡಿದವಳು, ನನಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಇನ್ನೊಂದು ತಮಾಷೆ. ಇಂಗ್ಲಿಷ್ ಪುಸ್ತಕಗಳ ಹಿಂದಿನ ಸೂಚಿಯಲ್ಲಿ ಹೆಸರೇ ಸಿಗುತ್ತಿಲ್ಲ ಅಂತ ಇವಳು ಅಳುಮುಖ ಮಾಡಿದ್ದಳು. ಇವಳು ‘ವಿಶ್’ ಅಂತ ‘ಎಸ್’ ಆದ ಮೇಲೆ ‘ಎಚ್’ ಹಾಕಿ ಹುಡುಕುತ್ತಿದ್ದಾಳೆ, ಅವರು ಇಂಗ್ಲಿಷಿನಲ್ಲಿ ತಮ್ಮ ಹೆಸರನ್ನು ಬರೆಯುತ್ತಿದ್ದದ್ದು ‘ಎಚ್’ ಇಲ್ಲದೆ. ಕೆಲವು ಪುಸ್ತಕಗಳಲ್ಲಿ ‘ಎಂ’ ಕೆಳಗೆ, ಮೋಕ್ಷಗುಂಡಂ ಅಂತ. ಒಂದು ಅಕ್ಷರದಿಂದ ಒಂದಿಡೀ ಲೈಬ್ರರಿ ಪೀರಿಯಡ್ ಹಾಳಾಯಿತು. ಪೀರಿಯಡ್ ಅಂದರೆ ಮೂವತ್ತೈದೇ ನಿಮಿಷ, ಮೂರು ಮಹಡಿ ಹತ್ತುವುದೂ ಸೇರಿ.

ಅಷ್ಟರಲ್ಲಿ ಹುಟ್ಟಿದ ವರ್ಷದ ಜಗಳ ಶುರುವಾಯಿತು. ಹುಟ್ಟಿದ ದಿನ ಸೆಪ್ಟೆಂಬರ್ 15 ಅಂತ ಎಲ್ಲರೂ ಒಪ್ಪುತ್ತಾರೆ, ಎಂಜಿನಿಯರ್ಸ್ ಡೇ ಇರುವುದೂ ಅವತ್ತೇ. ವರ್ಷ ಮಾತ್ರ ಒಂದು ಕಡೆ 1860, ಇನ್ನೊಂದು ಕಡೆ 1861. ತೀರಿಕೊಂಡದ್ದು 1962ರ ಏಪ್ರಿಲ್‌ನಲ್ಲಿ, ಅದರಲ್ಲೂ ಒಂದು ಕಡೆ 12, ಇನ್ನೊಂದು ಕಡೆ 14. ಇವಳಪ್ಪ “ಯಾವುದಾದರೂ ಒಂದು ಬರಿ, ಯಾರು ನೋಡ್ತಾರೆ” ಅಂದರು. ಟೀಚರ್ ಹಾಗೆ ಬಿಡುತ್ತಾರಾ? ಎರಡನ್ನೂ ಬರಿ, ಯಾವ ಪುಸ್ತಕ ಯಾವುದನ್ನು ಹೇಳಿದೆ ಅಂತ ಬರಿ, ಆಮೇಲೆ ಮೂರನೆಯ ಸಾಕ್ಷಿ ಹುಡುಕು ಅಂದರು. ಅವರೇ ಶಾಲೆಯ ಅಂಚೆಚೀಟಿ ಆಲ್ಬಮ್ ತೆಗೆದು ಕೊಟ್ಟರು. ವಿಶ್ವೇಶ್ವರಯ್ಯನವರ ಶತಮಾನೋತ್ಸವಕ್ಕೆ ಅಂಚೆ ಇಲಾಖೆ ಚೀಟಿ ತಂದದ್ದು 1960ರಲ್ಲಿ, ಅವರು ಇನ್ನೂ ಬದುಕಿದ್ದಾಗಲೇ. ಅಂದರೆ ಸರಕಾರ ಅವತ್ತು ಲೆಕ್ಕ ಹಾಕಿದ್ದು 1860ರಿಂದ. ಇಷ್ಟನ್ನು ಒಂದು ಕಾರ್ಡಿನಲ್ಲಿ ಬರೆದು ಇಟ್ಟುಕೊಂಡ ಮೇಲೆ ಮಗಳ ನಡಿಗೆಯೇ ಬೇರೆಯಾಯಿತು, ಮನೆಯಲ್ಲಿ ಎಲ್ಲರಿಗೂ ಹೇಳಿದ್ದೂ ಹೇಳಿದ್ದೇ. ವಾಚ್‌ಮನ್‌ಗೂ ಹೇಳಿದಳು.

ಇವಳ ಸಿಟ್ಟು ಬೇರೆ ವಿಷಯಕ್ಕೆ. ಚಾರ್ಟಿನ ಹಿಂದಿನ ನಾಲ್ಕು ಸಾಲಿನಲ್ಲಿ ಮೈಸೂರು, ದಿವಾನ್, ಕನ್ನಂಬಾಡಿ, 1955ರ ಭಾರತರತ್ನ ಇಷ್ಟೇ ಇದೆ. ಅವರು ದಿವಾನರಾದದ್ದು 1912ರಲ್ಲಿ, ಐವತ್ತು ದಾಟಿದ ಮೇಲೆ. ಅದಕ್ಕಿಂತ ಮುಂಚೆ ಎಂಜಿನಿಯರಿಂಗ್ ಓದಿದ್ದು ಪುಣೆಯ ಕಾಲೇಜ್ ಆಫ್ ಸೈನ್ಸ್‌ನಲ್ಲಿ, 1883ರಲ್ಲಿ ಪಾಸಾಗಿ ಕೆಲಸಕ್ಕೆ ಸೇರಿದ್ದು ಮುಂಬೈ ಸರಕಾರದ ಲೋಕೋಪಯೋಗಿ ಇಲಾಖೆಗೆ, ಇಪ್ಪತ್ತಕ್ಕೂ ಹೆಚ್ಚು ವರ್ಷ ಅಲೆದಾಡಿದ್ದು ಹೆಚ್ಚಾಗಿ ಈ ಕಡೆಯ ಊರುಗಳಲ್ಲೇ. “ಅಂದರೆ ಅವರೂ ನಮ್ಮ ಹಾಗೇ, ಅಲ್ವಾ? ಕನ್ನಡದವರು, ಇಲ್ಲಿ ಕೆಲಸ” ಅಂದಳು ಮಗಳು. ಹೌದಲ್ಲ ಅನ್ನಿಸಿತು ನನಗೂ.

ಪುಣೆಯ ಸಿಂಹಗಡ ರೋಡಿನಲ್ಲಿ ನನ್ನ ತಮ್ಮ ಇದ್ದಾನೆ, ಒಂದು ಭಾನುವಾರ ಇಂಟರ್‌ಸಿಟಿ ಹಿಡಿದು ಹೋಗಿ ಖಡಕ್‌ವಾಸ್ಲಾ ಅಣೆಕಟ್ಟು ನೋಡಿಯೂ ಬಂದೆವು. ವಿಶ್ವೇಶ್ವರಯ್ಯನವರ ಸ್ವಯಂಚಾಲಿತ ಗೇಟುಗಳನ್ನು ಮೊದಲು ಕೂರಿಸಿದ್ದು ಅಲ್ಲೇ, 1903ರಲ್ಲಿ. ಅಣೆಕಟ್ಟಿನ ಗೋಡೆ ಎತ್ತರಿಸದೆ ಜಾಸ್ತಿ ನೀರು ನಿಲ್ಲಿಸಬೇಕು, ಪ್ರವಾಹ ಬಂದರೆ ಯಾರೂ ಮುಟ್ಟದೆ ಗೇಟು ತಾನೇ ತೆರೆಯಬೇಕು, ನೀರು ಇಳಿದರೆ ತಾನೇ ಮುಚ್ಚಬೇಕು. ಆಮೇಲೆ ಗ್ವಾಲಿಯರ್ ಹತ್ತಿರದ ತಿಗ್ರಾದಲ್ಲಿ, ಕನ್ನಂಬಾಡಿಯಲ್ಲಿ ಇದೇ ಬಗೆಯ ಗೇಟು. ಮಾವ ಕೊಡಿಸಿದ ಜೋಳದ ತೆನೆ ಕಡಿಯುತ್ತಾ ಮಗಳು ಹತ್ತಿಪ್ಪತ್ತು ಫೋಟೊ ಹೊಡೆದಳು, ಕೆಳಗೆ ‘ವಿಶ್ವೇಶ್ವರಯ್ಯನವರ ಗೇಟು’ ಅಂತ ಬರೆದಳು. ಮಂಗಳವಾರ ಟೀಚರ್ ಬೆರಳಿಟ್ಟರು. ಕುಠೇ ವಾಚ್ಲಂಸ್? ಓದಿಲ್ಲ, ಕಣ್ಣಾರೆ ನೋಡಿದೆ ಅಂದಳಂತೆ. ಅವರು ಪುಣೆಯ ಒಂದು ಪುಸ್ತಕ ತೆಗೆದು ಕೈಗೆ ಕೊಟ್ಟರು. 1961ರ ಜುಲೈ 12ರಂದು ಮೇಲಿನ ಪಾನ್‌ಶೆತ್ ಅಣೆಕಟ್ಟು ಒಡೆದು, ಆ ನೀರು ಬಂದು ಖಡಕ್‌ವಾಸ್ಲಾವನ್ನೂ ಒಡೆದು ಪುಣೆಗೆ ನುಗ್ಗಿತ್ತು. ಹಾಗಿರುವಾಗ ಇವತ್ತು ಕಾಣುವುದೆಲ್ಲ 1903ರದ್ದೇ ಅಂತ ನೋಡಿದ ಮಾತ್ರಕ್ಕೆ ಬರೆಯಬಾರದು. ಫೋಟೊ ಕೆಳಗೆ ‘ಖಡಕ್‌ವಾಸ್ಲಾ, ಈಗ ಕಾಣುವಂತೆ’ ಅಂತ ತಿದ್ದಿದಳು. ರೈಲಿನ ಟಿಕೆಟ್ ದುಡ್ಡು ದಂಡ ಅಂತ ಇವಳಪ್ಪ ಗೊಣಗಿದರು. ನನಗೆ ಆ ಒಂದು ತಿದ್ದುಪಡಿಗೇ ದುಡ್ಡು ವಸೂಲಾಯಿತು ಅನ್ನಿಸಿತು.

ಈಗ ಬೈಗುಳದ ಭಾಗ. ಒಳ್ಳೊಳ್ಳೆಯ ಪುಸ್ತಕಗಳೆಲ್ಲ ಗಾಜಿನ ಬೀರುವಿನಲ್ಲಿ, ಬೀಗ ಹಾಕಿ. ವಾಯಿಯಲ್ಲಿ ತಯಾರಾದ ಮರಾಠಿ ವಿಶ್ವಕೋಶದ ದಪ್ಪ ಸಂಪುಟಗಳು ಸಾಲಾಗಿ ಕೂತಿವೆ, ಬೈಂಡು ಇನ್ನೂ ಹೊಸದರಂತಿದೆ, ಮಕ್ಕಳು ಮುಟ್ಟಿದ್ದರೆ ತಾನೇ. ಬೀಗದ ಕೈ ಆಫೀಸಿನಲ್ಲಿ. ಆಫೀಸಿನವರಿಗೆ ಅರ್ಜಿ ಕೊಟ್ಟು, ಅದಕ್ಕೆ ಕ್ಲಾಸ್ ಟೀಚರ್ ಸಹಿ ಹಾಕಿಸಿ, ಕೈ ಬರುವ ಹೊತ್ತಿಗೆ ಪೀರಿಯಡ್ ಮುಗಿದಿರುತ್ತದೆ. ಇದು ಟೀಚರ್ ಮಾಡಿದ ನಿಯಮ ಅಲ್ಲ, ಅವರೂ ಅದರ ಎದುರು ಸೋತಿದ್ದಾರೆ. ಹಾಗೇ ಲೈಬ್ರರಿ ಮಧ್ಯಾಹ್ನ ಮೂರಕ್ಕೆ ಮುಚ್ಚುತ್ತದೆ. ಶಾಲೆ ಬಿಡುವುದು ಮೂರೂ ಹತ್ತಕ್ಕೆ! ಈ ಹತ್ತು ನಿಮಿಷದ ಲೆಕ್ಕ ಯಾವ ಪುಣ್ಯಾತ್ಮರು ಹಾಕಿದರೋ.

ಕನ್ನಡ ಪುಸ್ತಕ ಒಂದೂ ಇಲ್ಲ. ಇಂಗ್ಲಿಷ್ ಮೀಡಿಯಂ ಶಾಲೆ, ಇರಬೇಕು ಅಂತ ಜಗಳ ಆಡುವುದಿಲ್ಲ. ಆದರೆ ಮಗಳು ಮನೆಯಿಂದ ತಂದ ಕನ್ನಡ ಪುಸ್ತಕದ ಕಾರ್ಡನ್ನೂ ಟೀಚರ್ ಒಪ್ಪಿಕೊಂಡರು, ಪುಟ ತೆರೆಸಿ ಇವಳಿಂದ ಓದಿಸಿ, ಮರಾಠಿಯಲ್ಲಿ ಅರ್ಥ ಹೇಳಿಸಿಕೊಂಡು. ಕನ್ನಡ ಓದಲು ಸೋಮಾರಿತನ ಮಾಡುವ ಇವಳು ಅದಕ್ಕಾಗಿ ಹಿಂದಿನ ರಾತ್ರಿ ಅಜ್ಜಿ ಪಕ್ಕ ಕೂತು ಎರಡು ಪುಟ ಗಟ್ಟಿಯಾಗಿ ಓದಿದಳು.

ಜೆರಾಕ್ಸ್ ಹೊರಗೆ ಮಾಡಿಸಬೇಕು. ಲೇಟಾದರೆ ದಿನಕ್ಕೆ ಒಂದು ರೂಪಾಯಿ ಫೈನ್, ಅದು ಸರಿಯೇ. ಕೆಲವು ಪೋಷಕರು ‘ಎಂಟನೇ ಕ್ಲಾಸಿಗೆ ಇಷ್ಟೆಲ್ಲ ಯಾಕೆ, ಪಿಎಚ್‌ಡಿ ಮಾಡಿಸ್ತಿದ್ದೀರಾ’ ಅಂತ ಗ್ರೂಪಿನಲ್ಲಿ ಬರೆದರು. ಯಾರೂ ಮಕ್ಕಳನ್ನು ಮುಂಬೈ ಫೋರ್ಟಿನಲ್ಲಿರುವ, 1804ರಲ್ಲಿ ಶುರುವಾದ ಏಷ್ಯಾಟಿಕ್ ಸೊಸೈಟಿಯ ಲೈಬ್ರರಿ ಮೆಟ್ಟಿಲು ಹತ್ತಿಸುತ್ತಿಲ್ಲ. ಸಾವಿತ್ರಿಬಾಯಿ ತಗೊಂಡ ಆರು ಮಕ್ಕಳು ಮೊದಲು ತಂದದ್ದು ಒಂದೇ ಚಾರ್ಟಿನ ಆರು ಕಾಪಿ. 1848ರ ಹೆಣ್ಣುಮಕ್ಕಳ ಶಾಲೆ ಪುಣೆಯಲ್ಲಿ ಎಲ್ಲಿತ್ತು ಅಂದರೆ ಒಬ್ಬರಿಗೂ ಗೊತ್ತಿಲ್ಲ. ಈಗ ಆರೂ ಜನ ಭಿಡೆ ವಾಡಾವನ್ನು ಮ್ಯಾಪಿನಲ್ಲಿ ತೋರಿಸುತ್ತಾರೆ. ಇದಕ್ಕೆ ಪಿಎಚ್‌ಡಿ ಬೇಕಾ?

ಕೊನೆಗೆ ಅತ್ತೆಯ ವಿಷಯ. ವಿಶ್ವೇಶ್ವರಯ್ಯ ಅಂದರೆ ಎಲ್ಲರಿಗೂ ಗೊತ್ತಿರುವ ಕತೆ ಇದೆಯಲ್ಲ, ರೈಲಿನಲ್ಲಿ ಹೋಗುವಾಗ ಶಬ್ದ ಬದಲಾದದ್ದು ಕೇಳಿ ಚೈನ್ ಎಳೆದರು, ಇಳಿದು ನೋಡಿದರೆ ಮುಂದೆ ಹಳಿ ಬಿರುಕು ಬಿಟ್ಟಿತ್ತು ಅಂತ. ಅದನ್ನು ಅತ್ತೆ ಬಹಳ ಚೆನ್ನಾಗಿ ಹೇಳುತ್ತಾರೆ, ರೈಲಿನ ಶಬ್ದ ಸಮೇತ. ಮಗಳು ಒಂದಿಡೀ ಪುಟ ಬರೆದಳು. ಟೀಚರ್ ಬೆರಳಿಟ್ಟರು. ಇವಳು ತಂದ ಯಾವ ಪುಸ್ತಕದಲ್ಲೂ ಅದು ಸಿಗಲಿಲ್ಲ, ಲೈಬ್ರರಿಯ ಪುಸ್ತಕಗಳಲ್ಲೂ ಸಿಗಲಿಲ್ಲ.

ಮನೆಯಲ್ಲಿ ವಿಷಯ ತಿಳಿದಾಗ ಅತ್ತೆ ಸೌತೆಕಾಯಿ ಹೆಚ್ಚುತ್ತಿದ್ದರು. ಈಳಿಗೆಮಣೆ ಬಿಟ್ಟು ಎದ್ದರು. “ಅಂದರೆ ನಾನು ಸುಳ್ಳು ಹೇಳಿದೆನಾ?” ಅಂತ ಕೇಳಿದರು. ನಾನು ಎಷ್ಟು ಹೇಳಿದರೂ ಸಮಾಧಾನವಿಲ್ಲ. ಎರಡು ದಿನ ಮಾತು ಕಮ್ಮಿ. ಟೀಚರ್‌ಗೆ ಇದನ್ನು ಮಗಳೇ ಹೇಳಿದಳಂತೆ, ಅವರು ನಕ್ಕು ಒಂದು ಕಾರ್ಡು ಜಾಸ್ತಿ ಕೊಟ್ಟರು. ಕತೆ ತೆಗೆಯುವುದು ಬೇಡ, ‘ಕೇಳಿದ ಕತೆ’ ಅಂತ ಬೇರೆ ಪುಟದಲ್ಲಿ ಬರಿ, ಅಜ್ಜಿ ಯಾರಿಂದ ಕೇಳಿದರು, ಎಲ್ಲಿ, ಯಾವಾಗ ಅಂತ ಕಾರ್ಡಿನಲ್ಲಿ ಬರಿ ಅಂದರು.

ಮಗಳು ಪೆನ್ನು ಹಿಡಿದು ಅತ್ತೆಯ ಮುಂದೆ ಕೂತಳು. ಹೇಳಿದವರು: ಅಜ್ಜಿ, ವಯಸ್ಸು 74. ಕೇಳಿದ್ದು: ಧಾರವಾಡದಲ್ಲಿ, ಕನ್ನಡ ಶಾಲೆಯ ಮಾಸ್ತರರಿಂದ, ನಾಲ್ಕನೇ ಇಯತ್ತೆಯಲ್ಲಿ. ಅತ್ತೆ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು, ತಲೆ ಆಡಿಸಿದರು. ಮರುದಿನ ಬೆಳಿಗ್ಗೆ ಇವಳು ಬ್ಯಾಗ್ ತಗೊಂಡು ಚಪ್ಪಲಿ ಹಾಕುವಾಗ ಒಳಗಿಂದ ಕೂಗಿದರು: “ತಡಿ, ನಾಲ್ಕಲ್ಲ. ಆ ಮಾಸ್ತರರು ಬಂದದ್ದು ನಾನು ಐದನೇ ಇಯತ್ತೆ ಇದ್ದಾಗ. ತಿದ್ದು.”

ಕಾರ್ಡಿನಲ್ಲಿ ಗೀಚಿ ತಿದ್ದುವ ಹಾಗಿಲ್ಲ, ಹೊಸದು ಬೇಕು. ಸಂಜೆ ಶಾಲೆ ಬಿಟ್ಟ ಮೇಲೆ ಇವಳು ಮೂರು ಮಹಡಿ ಹತ್ತಿ ಹೋದಳು. ಲೈಬ್ರರಿ ಮೂರಕ್ಕೇ ಮುಚ್ಚಿತ್ತು.