ಸಿಪಿಸಿ ಪರೀಕ್ಷೆಗೆ ಕ್ಲಾಸು, ಸ್ವಂತ ಓದು, ಮಾಕ್ ಟೆಸ್ಟ್: ನಾನು ಮೂರನ್ನೂ ಮಾಡಿ ನೋಡಿದೆ

ಮೆಡಿಕಲ್ ಕೋಡಿಂಗ್‌ನ ಸಿಪಿಸಿ ಪರೀಕ್ಷೆಗೆ ಕ್ಲಾಸ್ ಸೇರಬೇಕಾ, ಮನೆಯಲ್ಲೇ ಓದಿದರೆ ಸಾಕಾ? ತಿಂಗಳಿಗೆ ಒಬ್ಬರಾದರೂ ನನ್ನನ್ನು ಇದನ್ನು ಕೇಳುತ್ತಾರೆ. ಬಿ.ಫಾರ್ಮಾ, ನರ್ಸಿಂಗ್, ಫಿಸಿಯೋಥೆರಪಿ, ಲೈಫ್ ಸೈನ್ಸ್ ಮುಗಿಸಿ ಬೆಂಗಳೂರಿಗೆ ಕೋಡಿಂಗ್ ಕೆಲಸ ಹುಡುಕಿಕೊಂಡು ಬಂದವರೇ ಜಾಸ್ತಿ. ನಾನೂ ಹಾಗೇ ಬಂದವಳು. ಹಾಸನದಲ್ಲಿ ಬಿ.ಎಸ್ಸಿ., ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮೀಡಿಯಂ. ಪರೀಕ್ಷೆ ಎರಡು ಸಲ ಬರೆದೆ. ಮೊದಲ ಸಲ 66 ಬಂತು, ಎರಡನೇ ಸಲ 82. ಪಾಸಾಗಲು 70 ಬೇಕು.

ಹೊಸಬರಿಗೆ ಎರಡು ಮಾತು. ಅಮೆರಿಕದಲ್ಲಿ ಡಾಕ್ಟರು ರೋಗಿಯನ್ನು ನೋಡಿ ಬರೆದಿಟ್ಟದ್ದನ್ನು ಯಾರಾದರೂ ಓದಿ, ಕಾಯಿಲೆಗೊಂದು ಕೋಡ್, ಮಾಡಿದ ಚಿಕಿತ್ಸೆಗೊಂದು ಕೋಡ್ ಹಾಕಬೇಕು. ಆಮೇಲೇ ಬಿಲ್ಲು ಇನ್ಶೂರೆನ್ಸ್ ಕಂಪನಿಗೆ ಹೋಗುವುದು. ಆ ಕೆಲಸ ಬೆಂಗಳೂರು, ಚೆನ್ನೈ, ಹೈದರಾಬಾದಿನಲ್ಲಿ ಕೂತು ಮಾಡುವವರು ಸಾವಿರಾರು ಜನ. ಅದಕ್ಕೆ ಬೇಕಾದ ಸರ್ಟಿಫಿಕೇಟ್‌ಗಳಲ್ಲಿ ಸಿಪಿಸಿ ಒಂದು. ಕೊಡುವುದು ಎಎಪಿಸಿ, 1988ರಲ್ಲಿ ಅಮೆರಿಕದಲ್ಲಿ ಶುರುವಾದ ಸಂಸ್ಥೆ. 100 ಪ್ರಶ್ನೆ, ಪ್ರತಿಯೊಂದಕ್ಕೂ ನಾಲ್ಕು ಆಯ್ಕೆ, 4 ಗಂಟೆ ಸಮಯ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಸಿಪಿಟಿ (ಚಿಕಿತ್ಸೆಯ ಕೋಡ್‌ಗಳು), ಐಸಿಡಿ-10-ಸಿಎಂ (ಕಾಯಿಲೆಯ ಕೋಡ್‌ಗಳು), ಹೆಚ್‌ಸಿಪಿಸಿಎಸ್ (ಔಷಧಿ, ಸಾಮಗ್ರಿ ಮುಂತಾದವುಗಳ ಕೋಡ್‌ಗಳು) ಪುಸ್ತಕಗಳನ್ನು ಎದುರಿಗೇ ಇಟ್ಟುಕೊಂಡು ಬರೆಯಬಹುದು.

ಪುಸ್ತಕ ನೋಡಿ ಬರೆಯೋದಾ, ಹಾಗಿದ್ರೆ ಸುಲಭ ಅಂತ ನಾನೂ ಅಂದುಕೊಂಡಿದ್ದೆ. 240 ನಿಮಿಷವನ್ನು 100 ಪ್ರಶ್ನೆಗೆ ಹಂಚಿ ನೋಡಿ. ಒಂದಕ್ಕೆ 2 ನಿಮಿಷ 24 ಸೆಕೆಂಡ್. ಅರ್ಧ ಪುಟದ ಆಪರೇಷನ್ ರಿಪೋರ್ಟ್ ಓದುವುದು, ಪುಟ ತಿರುವುವುದು, ಉತ್ತರ ಗುರುತು ಮಾಡುವುದು ಎಲ್ಲ ಅಷ್ಟರಲ್ಲೇ ಆಗಬೇಕು. ಹಾಗಾಗಿ ಮೂರು ದಾರಿಗೂ ನಾನು ಕೇಳುವ ಪ್ರಶ್ನೆ ಒಂದೇ: ಇದರಿಂದ ನನ್ನ ಕೈ ಪುಸ್ತಕಕ್ಕೆ ಎಷ್ಟು ಪಳಗಿತು?

ಮೊದಲು ಕ್ಲಾಸು. ಶನಿವಾರ, ಭಾನುವಾರ, ಮೂರು ತಿಂಗಳು. ದುಡ್ಡು ಜಾಸ್ತಿಯಾಯಿತು, ಆದರೂ ಅಲ್ಲಿ ಸಿಕ್ಕ ಒಂದು ವಿಷಯ ನನಗೆ ಬೇರೆಲ್ಲೂ ಸಿಗುತ್ತಿರಲಿಲ್ಲ. ಪಾಠ ಮಾಡುತ್ತಿದ್ದ ಮೇಡಂ ಪದಗಳನ್ನು ಕನ್ನಡದಲ್ಲಿ ಬಿಡಿಸಿ ಹೇಳುತ್ತಿದ್ದರು. "ಎಕ್ಟಮಿ ಅಂದ್ರೆ ತೆಗೆದು ಹಾಕೋದು. ಒಟಮಿ ಅಂದ್ರೆ ಕೊಯ್ಯೋದು. ಆಸ್ಟಮಿ ಅಂದ್ರೆ ಹೊಸದಾಗಿ ಬಾಯಿ ಮಾಡೋದು." ಅಷ್ಟೇ. ಕೋಲೆಕ್ಟಮಿ, ಕೊಲಾಸ್ಟಮಿ ಅಂತ ಬಾಯಿಪಾಠ ಮಾಡಿ ಮಾಡಿ ಕಲಸಿಹೋಗಿದ್ದೆಲ್ಲ ಆ ಒಂದು ಮಧ್ಯಾಹ್ನ ತಿಳಿಯಾಯಿತು. ಶುಗರ್ ಇರುವ ರೋಗಿಗೆ ಕಿಡ್ನಿ ಕಾಯಿಲೆಯೂ ಇದ್ದರೆ, ಒಂದರಿಂದಲೇ ಇನ್ನೊಂದು ಬಂತು ಅಂತ ಡಾಕ್ಟರು ಬರೆಯದಿದ್ದರೂ ಐಸಿಡಿ ನಿಯಮ ಎರಡನ್ನೂ ಜೋಡಿಸಿಯೇ ನೋಡುತ್ತದೆ. ಬಿಪಿಗೂ ಕಿಡ್ನಿಗೂ ಹಾಗೇ. ಟೈಪ್ 2 ಶುಗರ್, ಬಿಪಿ, ನಾಲ್ಕನೇ ಹಂತದ ಕಿಡ್ನಿ ಕಾಯಿಲೆ ಮೂರೂ ಇದ್ದರೆ ಇ11.22, ಐ12.9, ಎನ್18.4. ಅದನ್ನು ಬೋರ್ಡಿನ ಮೇಲೆ ಬಾಣದ ಗುರುತು ಹಾಕಿ ತೋರಿಸಿದ್ದರು. ಇವತ್ತಿಗೂ ಆ ಬಾಣಗಳು ಕಣ್ಣ ಮುಂದಿವೆ.

ಆದರೆ ಮೂರು ತಿಂಗಳಲ್ಲಿ ನಾವು ಪುಸ್ತಕ ತೆರೆದದ್ದು ಬಹಳ ಕಡಿಮೆ. ಎಲ್ಲ ಪ್ರೊಜೆಕ್ಟರ್ ಮೇಲೆ. ಕೋಡ್ ಪರದೆಯ ಮೇಲೆ ಬರುತ್ತಿತ್ತು, ನಾವು ನೋಟ್ಸ್ ಬರೆದುಕೊಳ್ಳುತ್ತಿದ್ದೆವು. ಅಭ್ಯಾಸಕ್ಕೆ ಕೊಟ್ಟಿದ್ದು ಹಿಂದಿನ ವರ್ಷದ ಸಿಪಿಟಿಯ ಜೆರಾಕ್ಸ್. ನನ್ನ ಸ್ವಂತ ಪುಸ್ತಕ ಕೈಗೆ ಬಂದಿದ್ದು ಪರೀಕ್ಷೆಗೆ ಎರಡು ವಾರ ಇರುವಾಗ. ಮೊದಲ ಪ್ರಯತ್ನದಲ್ಲಿ ಕೊನೆಯ 19 ಪ್ರಶ್ನೆ ಓದಲೂ ಆಗಲಿಲ್ಲ. ಸುಮ್ನೆ ಒಂದೊಂದು ಆಯ್ಕೆ ಒತ್ತಿದೆ. ವಿಷಯ ಗೊತ್ತಿಲ್ಲದೆ ಫೇಲ್ ಆಗಿದ್ದಲ್ಲ, ಪುಟ ಸಿಗದೆ ಆಗಿದ್ದು. ಪಿಜಿ ರೂಮಿನಲ್ಲಿ ಫಲಿತಾಂಶ ನೋಡಿದಾಗ ತುಂಬ ಅತ್ತೆ. ಅಪ್ಪ ಅಡಿಕೆ ಮಾರಿ ಕಟ್ಟಿದ ದುಡ್ಡು ಅದು.

ಎರಡನೇ ಸಲ ಮೊದಲ ಎರಡು ತಿಂಗಳು ನಾನೇ ಓದಿದೆ. ಸಿಪಿಟಿಯಲ್ಲಿ ಪ್ರತಿ ವಿಭಾಗದ ಮುಂದೆ ಸಣ್ಣ ಅಕ್ಷರದಲ್ಲಿ ನಿಯಮಗಳಿರುತ್ತವೆ. ಕ್ಲಾಸಿನಲ್ಲಿ ಅವನ್ನು ದಾಟಿ ಹೋಗಿದ್ದೆವು. ಈ ಸಲ ಒಂದೊಂದು ಸಾಲನ್ನೂ ಪೆನ್ಸಿಲ್ ಹಿಡಿದು ಓದಿದೆ. ಗಾಯಕ್ಕೆ ಹೊಲಿಗೆ ಹಾಕುವ ಭಾಗವನ್ನೇ ತಗೊಳ್ಳಿ. ತೋಳಿನ ಮೇಲೆ 2 ಸೆಂ.ಮೀ., ಕಾಲಿನ ಮೇಲೆ 3 ಸೆಂ.ಮೀ., ಎರಡೂ ಸಾದಾ ಹೊಲಿಗೆ. ಎರಡು ಗಾಯಕ್ಕೆ ಎರಡು ಕೋಡ್ ಅನಿಸುತ್ತದೆ ಅಲ್ವಾ? ಅಲ್ಲ. ಎರಡೂ ಒಂದೇ ಗುಂಪಿನ ಜಾಗ, ಒಂದೇ ಬಗೆಯ ಹೊಲಿಗೆ. ಉದ್ದ ಕೂಡಿಸಬೇಕು. 5 ಸೆಂ.ಮೀ., ಒಂದೇ ಕೋಡ್, 12002. ಅದೇ ಕಾಲಿನ ಗಾಯದಲ್ಲಿ ಮಣ್ಣು, ಕಸ ತುಂಬಿದ್ದು ಬಹಳ ಹೊತ್ತು ತೊಳೆದು ತೆಗೆಯಬೇಕಾಯಿತು ಅಂತ ಬರೆದಿದ್ದರೆ, ಒಂದೇ ಪದರ ಹೊಲಿದಿದ್ದರೂ ಅದು ಇಂಟರ್‌ಮೀಡಿಯೆಟ್, ಅಂದರೆ ಸಾದಾ ಹೊಲಿಗೆಗಿಂತ ಮೇಲಿನ ಬಗೆ ಆಗುತ್ತದೆ. ಆಗ ಕೂಡಿಸುವ ಹಾಗಿಲ್ಲ. ಕಾಲಿಗೆ 12032, ತೋಳಿಗೆ 12001. ಒಂದು ವಾಕ್ಯ ಇಡೀ ಉತ್ತರವನ್ನೇ ಬದಲಿಸುತ್ತದೆ. ಆ ಸಾಲಿನ ಪಕ್ಕ "ಮಣ್ಣು ಇದ್ರೆ ಇಂಟರ್" ಅಂತ ಬರೆದೆ. ಕೋಡಿಂಗ್ ಕೆಲಸಕ್ಕೆ ಸಂಬಂಧಪಟ್ಟ ಟಿಪ್ಪಣಿಯನ್ನು ಪುಸ್ತಕದೊಳಗೆ ಕೈಯಲ್ಲಿ ಬರೆದುಕೊಳ್ಳಲು ನಾನು ಬರೆದಾಗ ಅವಕಾಶ ಇತ್ತು. ಪುಟ ಗುರುತಿಗೆ ಟ್ಯಾಬ್ ಅಂಟಿಸಬಹುದಿತ್ತು. ಬಿಡಿ ಹಾಳೆ ಇಡುವ ಹಾಗಿರಲಿಲ್ಲ.

ಒಬ್ಬಳೇ ಓದುವಾಗ ಸಿಕ್ಕಿಬಿದ್ದಿದ್ದು ಇ ಅಂಡ್ ಎಂ ಭಾಗದಲ್ಲಿ, ಅಂದರೆ ಡಾಕ್ಟರು ರೋಗಿಯನ್ನು ನೋಡಿದ ಭೇಟಿಗೆ ಹಾಕುವ ಕೋಡ್‌ಗಳಲ್ಲಿ. ಕೇಳೋಣ ಅಂದರೆ ಯಾರೂ ಇಲ್ಲ. ಯೂಟ್ಯೂಬ್ ನೋಡಿದರೆ ಹಳೆಯ ವೀಡಿಯೊಗಳಲ್ಲಿ ರೋಗಿಯ ಹಿಸ್ಟರಿ, ಎಕ್ಸಾಮ್ ಅಂಶಗಳನ್ನು ಎಣಿಸುವುದನ್ನು ಕಲಿಸುತ್ತಾರೆ. ಕ್ಲಿನಿಕ್ ಭೇಟಿಗೆ 2021ರಿಂದ, ಆಸ್ಪತ್ರೆ ಭೇಟಿಗೆ 2023ರಿಂದ ಆ ಎಣಿಕೆ ಹೋಗಿದೆ. ಈಗ ಡಾಕ್ಟರು ನಿರ್ಧಾರಕ್ಕೆ ಬರಲು ಎಷ್ಟು ಯೋಚಿಸಬೇಕಾಯಿತು ಅನ್ನುವುದು ಮುಖ್ಯ, ಇಲ್ಲವೇ ಕಳೆದ ಸಮಯ. ಹಳೆ ವೀಡಿಯೊ ನಂಬಿ ನನಗೆ ಹತ್ತು ದಿನ ಹಾಳಾಯಿತು. ಕೊನೆಗೆ ಕ್ಲಾಸಿನ ಮೇಡಂಗೇ ಫೋನ್ ಮಾಡಿದೆ. ಅರ್ಧ ಗಂಟೆ ಬಿಡಿಸಿ ಹೇಳಿಕೊಟ್ಟರು. ಗುರು ಇದ್ದರೆ ಎಷ್ಟು ಅನುಕೂಲ ಅಂತ ಅವತ್ತು ಚೆನ್ನಾಗಿ ಗೊತ್ತಾಯಿತು.

ಉಳಿದ ಆರು ವಾರ ಮಾಕ್ ಟೆಸ್ಟ್. ಟೆಲಿಗ್ರಾಂನಲ್ಲಿ ಪುಕ್ಕಟೆ ಪಿಡಿಎಫ್‌ಗಳು ಬೇಕಾದಷ್ಟು ಸಿಗುತ್ತವೆ. ಅದರಲ್ಲಿ 99201 ಕೋಡ್ ಇದೆಯಾ ನೋಡಿ. ಇದ್ದರೆ ಅಲ್ಲೇ ಬಿಟ್ಟುಬಿಡಿ, 2021ರಲ್ಲೇ ಆ ಕೋಡ್ ತೆಗೆದಿದ್ದಾರೆ. ನಾನು ಎಎಪಿಸಿಯದೇ ಅಭ್ಯಾಸ ಪರೀಕ್ಷೆಗಳನ್ನು ದುಡ್ಡು ಕೊಟ್ಟು ತಗೊಂಡೆ. ಭಾನುವಾರ ಬೆಳಿಗ್ಗೆ ರೂಮ್‌ಮೇಟ್ ಮೊಬೈಲಲ್ಲಿ ಟೈಮರ್ ಹಾಕಿ ಕೂರುತ್ತಿದ್ದಳು. ಪ್ರತಿ ಹತ್ತು ಪ್ರಶ್ನೆಗೆ ಎಷ್ಟು ನಿಮಿಷ ಅಂತ ಬರೆದಿಡುತ್ತಿದ್ದಳು. ಮೊದಲ ವಾರ 4 ಗಂಟೆಯಲ್ಲಿ 71 ಪ್ರಶ್ನೆ ಆಯಿತು. ಆರನೇ ವಾರ 100 ಮುಗಿದು ಹನ್ನೊಂದು ನಿಮಿಷ ಉಳಿಯಿತು.

ನಡುವೆ ಬದಲಾಗಿದ್ದು ಒಂದೇ ಅಭ್ಯಾಸ. ಮೊದಲೆಲ್ಲ ಪ್ರಶ್ನೆ ಓದಿ, ಹಿಂದಿನ ಇಂಡೆಕ್ಸ್‌ಗೆ ಹೋಗಿ, ಅಲ್ಲಿಂದ ಕೋಡ್ ಹುಡುಕುತ್ತಿದ್ದೆ. ಆಮೇಲೆ ನಾಲ್ಕು ಆಯ್ಕೆಯನ್ನೇ ಮೊದಲು ಓದಲು ಶುರು ಮಾಡಿದೆ. ಅವು ಎಲ್ಲಿ ಬೇರೆಯಾಗುತ್ತವೆ ಅಂತ ನೋಡಿ, ನೇರವಾಗಿ ಆ ಪುಟಕ್ಕೆ ಹೋಗಿ, ರಿಪೋರ್ಟಿನಲ್ಲಿ ಆ ಒಂದು ವಿಷಯವನ್ನಷ್ಟೇ ಹುಡುಕುವುದು. ಇದನ್ನು ಕ್ಲಾಸಿನಲ್ಲೂ ಹೇಳಿದ್ದರು. ಟೈಮರ್ ಓಡುತ್ತಿರುವಾಗ ಮಾಡಿದ ಮೇಲೇ ಕೈಗೆ ಬಂತು. ಆದರೆ ನಿಯಮ ಓದದೆ ಬರೀ ಮಾಕ್ ಟೆಸ್ಟ್ ಮಾಡಿದರೆ ತಪ್ಪಿದ ಉತ್ತರ ಯಾಕೆ ತಪ್ಪಿತು ಅಂತಲೇ ತಿಳಿಯುವುದಿಲ್ಲ. ನನ್ನ ಜೊತೆ ಓದಿದ ಹುಡುಗನಿಗೆ ಹಾಗೇ ಆಯಿತು, ಎಂಟು ಟೆಸ್ಟ್ ಬರೆದರೂ 60ರ ಆಸುಪಾಸಲ್ಲೇ ಇದ್ದ.

ಮೂರರಲ್ಲಿ ಒಂದನ್ನೇ ಆರಿಸು ಅಂದರೆ ಪುಸ್ತಕದ ಜೊತೆಗಿನ ಸ್ವಂತ ಓದನ್ನೇ ಆರಿಸುತ್ತೇನೆ. ಅನಾಟಮಿ ಗೊತ್ತಿಲ್ಲದವರು, ಇಂಗ್ಲಿಷ್ ಕಷ್ಟ ಅನ್ನುವವರು ಕ್ಲಾಸಿಗೆ ಹೋಗಿ, ಖಂಡಿತ ಹೋಗಿ. ಆದರೆ ಸೇರುವ ಮೊದಲು ಒಂದು ಡೆಮೋ ಕ್ಲಾಸಲ್ಲಿ ಕೂತು, ಮಕ್ಕಳ ಮೇಜಿನ ಮೇಲೆ ಈ ವರ್ಷದ ಪುಸ್ತಕ ತೆರೆದಿದೆಯಾ ನೋಡಿ. ನರ್ಸಿಂಗ್, ಫಾರ್ಮಸಿ ಓದಿದವರಿಗೆ ಕ್ಲಾಸಿನ ಅರ್ಧ ಭಾಗ ಬೇಕಾಗುವುದಿಲ್ಲ. ಈಗಾಗಲೇ ಕೆಲಸದಲ್ಲಿರುವವರು ಮಾಕ್ ಟೆಸ್ಟ್ ಬಿಡಲೇಬೇಡಿ. ಆಫೀಸಿನಲ್ಲಿ ಸಾಫ್ಟ್‌ವೇರ್ ಕೋಡ್ ಹುಡುಕಿಕೊಡುತ್ತದೆ, ಪರೀಕ್ಷೆಯಲ್ಲಿ ಕೊಡುವುದಿಲ್ಲ. ಅಲ್ಲದೆ ಒಂದೇ ಸ್ಪೆಷಾಲಿಟಿಯಲ್ಲಿ ಇದ್ದರೆ ಉಳಿದದ್ದು ಮರೆತುಹೋಗುತ್ತದೆ. ಆ ಹೊತ್ತಿಗೆ ನಾನು ರೇಡಿಯಾಲಜಿ ಟೀಮಿನಲ್ಲಿದ್ದೆ. 70000 ಸರಣಿ ಬಾಯಿಗೆ ಬಂದಿತ್ತು, ಸರ್ಜರಿ ಪುಟಗಳು ಅಪರಿಚಿತವಾಗಿದ್ದವು.

ಈಗ ರೂಮ್‌ಮೇಟ್ ಓದುತ್ತಿದ್ದಾಳೆ. ನನ್ನ ಸಿಪಿಟಿ ಕೇಳಿದಳು, ಕೊಡಲಿಲ್ಲ. ಅದು ಹಿಂದಿನ ವರ್ಷದ್ದು, ಕೋಡ್‌ಗಳು ಪ್ರತಿ ಜನವರಿ 1ಕ್ಕೆ ಬದಲಾಗುತ್ತವೆ. ಅವಳ ಹೊಸ ಪುಸ್ತಕ ಮೊನ್ನೆ ಬಂತು. ಕಳೆದ ಶನಿವಾರ ಇಬ್ಬರೂ ನೆಲದ ಮೇಲೆ ಕೂತು ಟ್ಯಾಬ್ ಅಂಟಿಸಿದೆವು. ಈ ಭಾನುವಾರದಿಂದ ಟೈಮರ್ ಹಿಡಿಯುವುದು ನಾನು.