ಪೇಜ್‌ಮೇಕರ್ ಬಿಟ್ಟ ಮೇಲೆ: ಇನ್‌ಡಿಸೈನ್, ಸ್ಕ್ರೈಬಸ್ ಎರಡರಲ್ಲೂ ಕಟ್ಟಿದ ಒಂದೇ ಪುಸ್ತಕ

ಕನ್ನಡ ಪುಸ್ತಕಗಳ ಪುಟವಿನ್ಯಾಸವನ್ನು ನಾನು ಹಲವು ವರ್ಷ ಪೇಜ್‌ಮೇಕರ್ 7ರಲ್ಲಿ, ನುಡಿ ತಂತ್ರಾಂಶದ ಆಸ್ಕಿ ಫಾಂಟುಗಳಲ್ಲಿ ಮಾಡುತ್ತ ಬಂದವನು. 2001ರಲ್ಲಿ ಬಂದ ಆ ಆವೃತ್ತಿಯೇ ಅದರ ಕೊನೆಯದು. ಆದರೂ ಪುಟ ಕಟ್ಟುವ ವೇಗದ ವಿಷಯದಲ್ಲಿ ಅದರ ಮೇಲೆ ನನಗೆ ದೂರಿಲ್ಲ. ಬಿಡುವಂತೆ ಮಾಡಿದ್ದು ಪಠ್ಯಕ್ಕೆ ಒದಗುತ್ತಿದ್ದ ಗತಿ. ಆಸ್ಕಿ ಫಾಂಟು ರೋಮನ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿರುವುದರಿಂದ, ಲೇಖಕರು ಇ-ಪುಸ್ತಕಕ್ಕೆಂದು ಪಿಡಿಎಫ್‌ನಿಂದ ಒಂದು ಪ್ಯಾರಾ ನಕಲು ಮಾಡಿಕೊಂಡರೆ ಕೈಗೆ ಸಿಗುವುದು ಅರ್ಥವಿಲ್ಲದ ಚಿಹ್ನೆಗಳು ಮಾತ್ರ. ಆದ್ದರಿಂದ ಡೆಮಿ 1/8 ಅಳತೆಯ ಒಂದು ಕಥಾಸಂಕಲನವನ್ನು, ಕನ್ನಡ ಅಕ್ಷರಗಳಿಗೆ ತಮ್ಮದೇ ಸಂಕೇತಗಳಿರುವ ಯೂನಿಕೋಡ್‌ಗೆ ಪರಿವರ್ತಿಸಿ, ಇನ್‌ಡಿಸೈನ್‌ನಲ್ಲೂ ಸ್ಕ್ರೈಬಸ್ 1.6ರಲ್ಲೂ ಪೂರ್ತಿಯಾಗಿ ಕಟ್ಟಿ ನೋಡಿದೆ.

ಪರಿವರ್ತನೆಯ ಶ್ರಮ ಎರಡಕ್ಕೂ ಸಮಾನ. ಮೂಲದಲ್ಲಿ ಸರಿಯಾಗಿದ್ದ 'ರ‍್ಯಾಂಕ್' ಅರ್ಕಾವೊತ್ತು ಹೊತ್ತು 'ರ್ಯಾಂಕ್' ಆಗಿ ಬಂದಿತ್ತು. 'ರ' ಅಕ್ಷರದ ನಂತರ ಕಣ್ಣಿಗೆ ಕಾಣದ ಜೋಡಕವೊಂದನ್ನು ಸೇರಿಸಿ ಇಂಥ ಪದಗಳನ್ನು ಒಂದೊಂದಾಗಿ ತಿದ್ದಬೇಕಾಯಿತು. ಕರಡು ತಿದ್ದುವವರಿಗೆ ಈ ಬಗೆಯ ಪದಗಳ ಪಟ್ಟಿಯನ್ನು ಮೊದಲೇ ಕೊಡುವುದು ಒಳ್ಳೆಯದು.

ಇನ್‌ಡಿಸೈನ್‌ನಲ್ಲಿ ಪಠ್ಯ ಹರಿಸಿದಾಗ ಒತ್ತಕ್ಷರಗಳು ಕೆಳಗಿಳಿಯಲೇ ಇಲ್ಲ. 'ಅಕ್ಕ' ಎಂಬುದು 'ಅಕ್‌ಕ' ಎಂದು ಕಂಡಿತು. ಪ್ಯಾರಾಗ್ರಾಫ್ ಸ್ಟೈಲ್‌ನ ಜಸ್ಟಿಫಿಕೇಶನ್ ವಿಭಾಗದಲ್ಲಿ ವರ್ಲ್ಡ್-ರೆಡಿ ಪ್ಯಾರಾಗ್ರಾಫ್ ಕಂಪೋಸರ್ ಆಯ್ದುಕೊಂಡೊಡನೆ ಎಲ್ಲವೂ ಸರಿಹೋಯಿತು. 2012ರ ಸಿಎಸ್6 ಆವೃತ್ತಿಯಿಂದಲೇ ಕನ್ನಡಕ್ಕೆ ಈ ಅನುಕೂಲವಿದೆ. ಇದರ ನಿಜವಾದ ಬೆಲೆ ತಿಳಿಯುವುದು 'ಮಾಡಿಕೊಳ್ಳಬೇಕಾಗಿದ್ದುದರಿಂದ' ಎಂಬಂಥ ಪದ ಸಾಲಿನ ಅಂಚಿಗೆ ಬಂದಾಗ. ಪೇಜ್‌ಮೇಕರ್‌ನಲ್ಲಿ ಅಂಥ ಕಡೆ ಅಕ್ಷರಗಳ ನಡುವಿನ ಅಂತರ ಹೆಚ್ಚಿಸಿದರೆ ಕೊಂಬು, ದೀರ್ಘಗಳೇ ಮೂಲ ಅಕ್ಷರದಿಂದ ಕಳಚಿ ನಿಲ್ಲುತ್ತಿದ್ದವು. ಇಲ್ಲಿ ಇಡೀ ಪ್ಯಾರಾವನ್ನು ಲೆಕ್ಕಕ್ಕೆ ತೆಗೆದುಕೊಂಡು ಸಾಲುಗಳನ್ನು ಮುರಿಯುವುದರಿಂದ ಖಾಲಿ ಜಾಗ ಹಲವು ಸಾಲುಗಳಿಗೆ ಹಂಚಿಹೋಗಿ, ಪುಟ ಓದುವವರ ಕಣ್ಣಿಗೆ ಹಿತವಾಗುತ್ತದೆ.

ಸ್ಕ್ರೈಬಸ್ ಉಚಿತ ತಂತ್ರಾಂಶ, ಚಂದಾ ಹಣವಿಲ್ಲ. ಹಳೆಯ 1.4ರಲ್ಲಿ ಕನ್ನಡ ಒಡೆದು ಕಾಣುತ್ತಿತ್ತು, ಆದರೆ 1.5.3ರಲ್ಲಿ ಅಕ್ಷರಗಳನ್ನು ಕೂಡಿಸುವ ಹಾರ್ಫ್‌ಬಜ್ ಎಂಬ ತಂತ್ರಾಂಶ ಸೇರಿದ ಮೇಲೆ ಒತ್ತು, ಅರ್ಕಾವೊತ್ತುಗಳೆಲ್ಲ ತಪ್ಪದೆ ಕೂಡಿಕೊಳ್ಳುತ್ತವೆ. ನಾಲ್ಕು ಬಣ್ಣದ ಮುದ್ರಣಕ್ಕೆ ಬೇಕಾದ ಪಿಡಿಎಫ್/ಎಕ್ಸ್ ಕಡತವನ್ನು ಅದು ನೇರವಾಗಿ ಕೊಟ್ಟಿತು, ಮುದ್ರಣಾಲಯದವರು ಯಾವ ತಕರಾರೂ ಇಲ್ಲದೆ ತೆಗೆದುಕೊಂಡರು. ತೊಡಕಾದದ್ದು ಪುಸ್ತಕದ ಉದ್ದ. ಚೌಕಟ್ಟಿನಿಂದ ಚೌಕಟ್ಟಿಗೆ ಹರಿಯುವ ದೀರ್ಘ ಪಠ್ಯದಲ್ಲಿ ಒಂದು ಪದ ತಿದ್ದಿದರೂ ನನ್ನ ಕಂಪ್ಯೂಟರ್ ತಡವರಿಸುತ್ತಿತ್ತು, ಹಾಗಾಗಿ ಒಂದೊಂದು ಕಥೆಯನ್ನೂ ಬೇರೆ ಕಡತವಾಗಿ ಕಟ್ಟಬೇಕಾಯಿತು. ಸಾಲುಗಳಲ್ಲಿ ಪದಗಳ ನಡುವೆ ಉಳಿದ ಬಿಳಿ ಕಿಂಡಿಗಳನ್ನೂ ಕೈಯಾರೆ ಸರಿಪಡಿಸಿದೆ.

ಹೀಗಾಗಿ ಪುಸ್ತಕಗಳಿಗೆ ಇನ್‌ಡಿಸೈನ್‌ಗೆ ಬದಲಾಗಿದ್ದೇನೆ. ಆಮಂತ್ರಣ, ಕರಪತ್ರ, ಮುಖಪುಟಗಳಿಗೆ ಸ್ಕ್ರೈಬಸ್ ಸಾಕು, ತಿಂಗಳಿಗೆ ಒಂದೆರಡು ಕೆಲಸ ಮಾತ್ರ ಬರುವವರಿಗೆ ನಾನು ಅದನ್ನೇ ಸೂಚಿಸುತ್ತೇನೆ. ಪೇಜ್‌ಮೇಕರ್ ಇರುವ ಹಳೆಯ ಕಂಪ್ಯೂಟರನ್ನು ಇನ್ನೂ ಇಟ್ಟುಕೊಂಡಿದ್ದೇನೆ. ಮರುಮುದ್ರಣಕ್ಕೆ ಬಂದ ಪುಸ್ತಕಗಳ ಪಠ್ಯವನ್ನು ಅಲ್ಲಿಂದಲೇ ತೆಗೆದು, ಯೂನಿಕೋಡ್‌ಗೆ ತಂದು, ಲೇಖಕರಿಗೂ ಒಂದು ಪ್ರತಿ ಕೊಡುತ್ತಿದ್ದೇನೆ.