ಉಲ್ಟಾ ಲೆನ್ಸ್: ಒಂಟಿಯೋ, ಜೋಡಿಯೋ?

ಪುಟ್ಟ ವಸ್ತುವನ್ನು ದೊಡ್ಡದಾಗಿ ತೆಗೆಯುವ ದುಬಾರಿ ಮ್ಯಾಕ್ರೋ ಲೆನ್ಸ್ ಇಲ್ಲದೆ ಜೇಡದ ಕಣ್ಣನ್ನು ಫೋಟೋದಲ್ಲಿ ಹಿಡಿಯೋಕೆ ಸುಲಭದ ದಾರಿ ಅಂದ್ರೆ ಕ್ಯಾಮೆರಾಗೆ ಇರೋ ಲೆನ್ಸನ್ನೇ ಹಿಂದುಮುಂದಾಗಿ ತಿರುಗಿಸಿ ಹಾಕೋದು. ಮುಂಬೈ ಮಳೆಗಾಲದ ಮಬ್ಬು ಬೆಳಕಲ್ಲಿ, ಆರೇ ಕಾಲೊನಿಯ ಪೊದೆಗಳಲ್ಲಿ ಮೂರು ಬಗೆ ಬಳಸಿ ನೋಡಿದ್ದೇನೆ. ನನ್ನ ಓಟು ಜೋಡಿ ಲೆನ್ಸಿಗೆ.

ಮೊದಲು ಒಂಟಿ ಲೆನ್ಸ್, ನಿಕಾನಿನ 50 ಎಂಎಂ ಎಫ್/1.8ಡಿ. ನಿಕಾನ್ ಬಾಡಿಯ ಪ್ಲಾಸ್ಟಿಕ್ ಮುಚ್ಚಳವನ್ನು ದುಂಡಗೆ ಕೊರೆದು, ಗಾಜು ತೆಗೆದ ಹಳೇ 52 ಎಂಎಂ ಫಿಲ್ಟರಿನ ರಿಂಗನ್ನು ಥ್ರೆಡ್ ಹೊರಗೆ ಬರುವಂತೆ ಅರಾಲ್ಡೈಟ್ ಹಾಕಿ ಅಂಟಿಸಿದರೆ ಆಯ್ತು. ಹಗುರ, ಅಪರ್ಚರ್ (ಬೆಳಕು ಒಳಬರುವ ಕಿಂಡಿ) ಬದಲಿಸುವ ರಿಂಗ್ ಲೆನ್ಸಲ್ಲೇ ಇದೆ. ಆದರೆ ಸಿಗೋದು ಹೆಚ್ಚುಕಮ್ಮಿ ಒಂದು ಪಟ್ಟು, ಅಂದ್ರೆ ಸೆನ್ಸರ್ ಮೇಲೆ ಹುಳ ಅದರ ನಿಜ ಗಾತ್ರದಲ್ಲೇ ಬೀಳುತ್ತೆ. ಚಿಟ್ಟೆಗೆ ಸಾಕು, ಜಿಗಿಯುವ ಜೇಡದ ಮುಖಕ್ಕೆ ಸಾಲದು. ಅಪರ್ಚರ್ ಮುಚ್ಚಿದಷ್ಟೂ ವ್ಯೂಫೈಂಡರ್ ಕತ್ತಲಾಗುತ್ತೆ, ಮೋಡದ ದಿನ ಫೋಕಸ್ ಎಲ್ಲಿದೆ ಅಂತಲೇ ಕಾಣಲ್ಲ.

ಕ್ಯಾಮೆರಾ ಜೊತೆಗೇ ಬರುವ 18-55 ಕಿಟ್ ಲೆನ್ಸ್ ತಿರುಗಿಸಿದರೆ 18ರ ಕಡೆ ಹೋದಂತೆ ಹುಳ ದೊಡ್ಡದಾಗುತ್ತೆ. ಅದು ಖುಷಿ. ಆದರೆ ಅಪರ್ಚರ್ ರಿಂಗ್ ಇಲ್ಲ, ಅಪರ್ಚರ್ ತೆರೆದಿಡೋಕೆ ಹಿಂದಿನ ಸಣ್ಣ ಲಿವರಿಗೆ ಕಾಗದ ಸಿಕ್ಕಿಸಿಡಬೇಕು. ನಡೆಯುವಾಗ ಅದು ಜಾರುತ್ತೆ. ಮೇಜಿನ ಮೇಲಿನ ಉಪ್ಪಿನ ಹರಳಿಗೆ ಸರಿ, ಪೊದೆಗೆ ಬೇಡ.

ಇನ್ನು ಜೋಡಿ. 55-200 ಜೂಮ್ ಎಂದಿನಂತೆ ಕ್ಯಾಮೆರಾದಲ್ಲಿ, ಅದರ ಮೂತಿಗೆ ನಡುವೆ ಒಂದು ರಿಂಗ್ ಹಾಕಿ 50 ಉಲ್ಟಾ. ಲೆಕ್ಕ ಸುಲಭ: 200ನ್ನು 50ರಿಂದ ಭಾಗಿಸಿ, ನಾಲ್ಕು ಪಟ್ಟು. ಎಪಿಎಸ್-ಸಿ ಅನ್ನೋ ಸಣ್ಣ ಅಳತೆಯ ಸೆನ್ಸರಿನಲ್ಲಿ ಚಿತ್ರದೊಳಗೆ ಹಿಡಿಯುವ ಜಾಗದ ಅಗಲ 6 ಎಂಎಂ ಕೂಡ ಇರಲ್ಲ! 50ನ್ನು 1.8ಕ್ಕೇ ಬಿಟ್ಟು ಜೂಮಿನ ಅಪರ್ಚರ್ ಕ್ಯಾಮೆರಾದಿಂದಲೇ ಬದಲಿಸಬಹುದು, ಒತ್ತುವವರೆಗೂ ವ್ಯೂಫೈಂಡರ್ ಕತ್ತಲಾಗಲ್ಲ. ನನಗೆ ಇದೊಂದೇ ಕಾರಣ ಸಾಕು. ಜೂಮನ್ನು 55ರ ಕಡೆ ತಂದರೆ ಮೂಲೆಗಳು ಕಪ್ಪಾಗುತ್ತವೆ, 200ರಲ್ಲೇ ಇಡಿ. ಮೂತಿ ಭಾರ ನಿಜ, ಹಾಗಾಗಿ ಆಟೋಫೋಕಸ್ ಆಫ್ ಮಾಡಿ, ಎಡಗೈಯಲ್ಲಿ ಮುಂದಿನ ಲೆನ್ಸನ್ನೇ ಹಿಡಿದು, ಮೈಯನ್ನೇ ಹಿಂದೆ ಮುಂದೆ ಸರಿಸಿ ಫೋಕಸ್ ಮಾಡಬೇಕು. ಕಣ್ಣು ಸ್ಪಷ್ಟ ಬಂದರೆ ಅದರ ಮುಂದಿನ ರೋಮ ಆಗಲೇ ಮಸುಕು, ಫೋಕಸ್ ಅಷ್ಟು ತೆಳು.

ಮೂರರಲ್ಲೂ ಹುಳದಿಂದ ಲೆನ್ಸಿಗೆ ಕೆಲವೇ ಸೆಂಟಿಮೀಟರ್ ಜಾಗ, ಫ್ಲ್ಯಾಶ್ ಇಲ್ಲದೆ ಆಗಲ್ಲ. ಉದ್ದನೆಯ ಚಿಪ್ಸ್ ಡಬ್ಬಿಯನ್ನು ಓರೆಯಾಗಿ ಕತ್ತರಿಸಿ ಫ್ಲ್ಯಾಶಿಗೆ ಸಿಕ್ಕಿಸಿ, ಬಾಯಿಗೆ ಟ್ರೇಸಿಂಗ್ ಪೇಪರ್ ಎರಡು ಪದರ ಅಂಟಿಸಿ. ಬರೀ ಫ್ಲ್ಯಾಶ್ ಹೊಡೆದರೆ ಜೇಡದ ಕಣ್ಣಲ್ಲಿ ಚುಚ್ಚುವ ಬಿಳಿ ಚುಕ್ಕೆ ಬರುತ್ತೆ. ಪೇಪರ್ ಇದ್ದರೆ ಹಾಲಿನಂಥ ಮೆತ್ತಗಿನ ಬೆಳಕು, ಕಣ್ಣಿನ ದುಂಡು ಎದ್ದು ಕಾಣುತ್ತೆ.

ಲೆನ್ಸಿನ ಹಿಂಬದಿ ಈಗ ಹೊರಗಿರೋದರಿಂದ ಮಳೆಹನಿ, ಧೂಳಿನ ಭಯ. ಲೆನ್ಸಿನ ಹಿಂದಿನ ಮುಚ್ಚಳದ ತಳ ಕೊರೆದು ಅಲ್ಲೇ ಹಾಕಿಬಿಡಿ, ಹುಡ್ ಥರ ಕಾಪಾಡುತ್ತೆ. ಎರಡು ಲೆನ್ಸ್ ಜೋಡಿಸುವ ರಿಂಗ್ ಮಾಡೋಕೆ ಬೇಜಾರಾದರೆ ಫೋರ್ಟ್‌ನ ಬೋರಾ ಬಜಾರಿನಲ್ಲಿ ವಿಚಾರಿಸಿ. "52-52, ಎರಡೂ ಕಡೆ ಹೊರ ಥ್ರೆಡ್" ಅಂತ ಬಿಡಿಸಿ ಹೇಳಿ, ಇಲ್ಲಾಂದ್ರೆ ಲೆನ್ಸಿಗೆ ಬೇರೆ ಅಳತೆಯ ಫಿಲ್ಟರ್ ಹಾಕೋಕೆ ಬಳಸುವ ಸ್ಟೆಪ್-ಅಪ್ ರಿಂಗ್ ಕೈಗೆ ಬಂದೀತು.